ಬಾಲ್ಯದ ಪೆಟ್ಟು, ಹದಿಹರೆಯದ ಖಿನ್ನತೆ ಮತ್ತು ಆತಂಕ: ಹುಡುಗರಲ್ಲೂ ಹುಡುಗಿಯರಲ್ಲೂ ಗುರುತಿಸುವುದು, ನೆರವಾಗುವುದು ಹೇಗೆ?

ಹದಿಹರೆಯದವರ ಖಿನ್ನತೆ ದೊಡ್ಡವರ ಕಣ್ಣಿಗೆ ತಡವಾಗಿ ಬೀಳುವುದಕ್ಕೆ ಮುಖ್ಯ ಕಾರಣ, ನಾವು ಅಳುವನ್ನೇ ಹುಡುಕುತ್ತಿರುತ್ತೇವೆ ಎಂಬುದು. ಬಾಲ್ಯದಲ್ಲಿ ಹೊಡೆತ, ಬೈಗುಳ ಅಥವಾ ನಿರ್ಲಕ್ಷ್ಯವನ್ನು ಉಂಡ ಹುಡುಗ ಹದಿನಾಲ್ಕರ ಹೊತ್ತಿಗೆ ಅಳುವ ಬದಲು ಸಿಡುಕಬಹುದು. ಅಂಥದೇ ಬಾಲ್ಯವನ್ನು ದಾಟಿ ಬಂದ ಹುಡುಗಿ ಯಾರಿಗೂ ತೊಂದರೆ ಕೊಡದೆ, ಅಂಕಗಳನ್ನೂ ಕಳೆದುಕೊಳ್ಳದೆ, ಒಳಗೊಳಗೇ ಕುಗ್ಗುತ್ತಿರಬಹುದು. ಅವನನ್ನು ಪುಂಡನೆಂದೂ ಇವಳನ್ನು ಜಾಣೆಯೆಂದೂ ಕರೆದು ಸುಮ್ಮನಾದರೆ ಇಬ್ಬರಿಗೂ ಸಿಗಬೇಕಾದ ನೆರವು ಸಿಗುವುದಿಲ್ಲ. ಪೋಷಕರು, ಶಿಕ್ಷಕರು ಮತ್ತು ಇಂಥ ಮಕ್ಕಳ ಹೊಣೆ ಹೊತ್ತ ಬಂಧುಗಳು ಏನನ್ನು ಗಮನಿಸಬೇಕು, ಮಾತನ್ನು ಹೇಗೆ ಆರಂಭಿಸಬೇಕು, ವೈದ್ಯರ ಬಳಿಗೆ ಯಾವಾಗ ಹೋಗಬೇಕು ಎಂಬುದನ್ನು ಈ ಬರಹ ವಿವರಿಸುತ್ತದೆ.

ಏನೇನು ನಡೆದಿದೆ ಎಂದು ಅರಿಯುವುದು

ಬಾಲ್ಯದ ಪ್ರತಿಕೂಲ ಅನುಭವಗಳ ಕುರಿತ ಚರ್ಚೆ ಇಂದಿನ ಸ್ವರೂಪಕ್ಕೆ ಬಂದದ್ದು ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆಸಿದ ಅಧ್ಯಯನದಿಂದ. 1995ರಿಂದ 1997ರ ನಡುವೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಪ್ರಶ್ನಿಸಲಾಯಿತು. ಮೊದಲ ಫಲಿತಾಂಶಗಳು 1998ರಲ್ಲಿ ಪ್ರಕಟವಾದವು. ದೈಹಿಕ, ಭಾವನಾತ್ಮಕ ಮತ್ತು ಲೈಂಗಿಕ ದೌರ್ಜನ್ಯ, ದೈಹಿಕ ಮತ್ತು ಭಾವನಾತ್ಮಕ ನಿರ್ಲಕ್ಷ್ಯ, ತಾಯಿಯ ಮೇಲಿನ ಹಿಂಸೆ, ಮನೆಯಲ್ಲಿ ಮದ್ಯ ಅಥವಾ ಮಾದಕ ವಸ್ತುಗಳ ವ್ಯಸನ, ಮಾನಸಿಕ ಕಾಯಿಲೆ, ಪೋಷಕರ ಬೇರ್ಪಡುವಿಕೆ, ಮನೆಯವರೊಬ್ಬರ ಜೈಲುವಾಸ ಎಂಬ ಹತ್ತು ಬಗೆಗಳು ಆ ಪಟ್ಟಿಯಲ್ಲಿವೆ. ಮೂವರಲ್ಲಿ ಸುಮಾರು ಇಬ್ಬರು ಇವುಗಳಲ್ಲಿ ಒಂದನ್ನಾದರೂ, ಎಂಟು ಮಂದಿಯಲ್ಲಿ ಒಬ್ಬರು ನಾಲ್ಕು ಅಥವಾ ಅದಕ್ಕಿಂತ ಹೆಚ್ಚನ್ನು ಅನುಭವಿಸಿದ್ದರು. ಬಗೆಗಳ ಸಂಖ್ಯೆ ಏರಿದಂತೆ ಖಿನ್ನತೆಯೂ ಆತ್ಮಹತ್ಯೆಯ ಪ್ರಯತ್ನವೂ ಏರುತ್ತಾ ಹೋಗಿದ್ದವು.

ಆದರೆ ಈ ಪಟ್ಟಿಯನ್ನು ಹಿಡಿದು ನಿಮ್ಮ ಮಗುವಿಗೆ ಅಂಕ ಕೊಡಲು ಹೋಗಬೇಡಿ. ಒಮ್ಮೆ ನಡೆದದ್ದನ್ನೂ ಹತ್ತು ವರ್ಷ ಪ್ರತಿದಿನ ನಡೆದದ್ದನ್ನೂ ಅದು ಒಂದೇ ಎಂದು ಎಣಿಸುತ್ತದೆ. ಶಾಲೆಯಲ್ಲಿನ ಪೀಡನೆ, ಯುದ್ಧ, ನೆಲೆ ತಪ್ಪಿದ ಬದುಕು, ತಂದೆ ಅಥವಾ ತಾಯಿಯ ಸಾವು ಅದರಲ್ಲಿ ಇಲ್ಲವೇ ಇಲ್ಲ. ದೊಡ್ಡ ಜನಸಮೂಹವನ್ನು ಅಳೆಯಲು ಮಾಡಿದ ಈ ಎಣಿಕೆಯನ್ನು ಒಬ್ಬೊಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸಬಾರದೆಂದು ಸ್ವತಃ ಆಂಡಾ ಅವರೇ 2020ರಲ್ಲಿ ಸಹಲೇಖಕರೊಡನೆ ಬರೆದು ಎಚ್ಚರಿಸಿದ್ದಾರೆ. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆಗಳು ಬೇರೆ ಇವೆ: ಅದು ಯಾವ ವಯಸ್ಸಿನಲ್ಲಿ ಆಯಿತು, ಎಷ್ಟು ಕಾಲ ನಡೆಯಿತು, ಆಗ ಮಗುವಿನ ಪರವಾಗಿ ಯಾರಾದರೂ ನಿಂತರೇ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಅದು ಈಗಲೂ ನಡೆಯುತ್ತಿದೆಯೇ?

ಹಳೆಯ ನೋವು ಈಗ ಏಕೆ?

ಸಂಶೋಧಕರು ಪ್ರತಿಕೂಲ ಅನುಭವಗಳನ್ನು ಸ್ಥೂಲವಾಗಿ ಎರಡಾಗಿ ನೋಡುತ್ತಾರೆ. ಹಿಂಸೆ, ಬೆದರಿಕೆಗಳಂಥ ಭಯದ ಅನುಭವಗಳು ಒಂದು ಬಗೆ. ಆರೈಕೆ, ಮಾತು, ಒಡನಾಟ ಸಿಗದೇ ಹೋದ ಕೊರತೆಯ ಅನುಭವಗಳು ಇನ್ನೊಂದು. ಭಯದಲ್ಲಿ ಬೆಳೆದ ಮಗುವಿನ ಮಿದುಳು ಅಪಾಯವನ್ನು ಬೇಗ ಗುರುತಿಸಲು ಕಲಿತಿರುತ್ತದೆ, ಹಾಗಾಗಿ ಭಾವವಿಲ್ಲದ ಮುಖವೂ ಅದಕ್ಕೆ ಸಿಟ್ಟಿನ ಮುಖವಾಗಿ ಕಾಣಬಹುದು. ಮಿದುಳಿನ ಅಮಿಗ್ಡಲಾ ಎಂಬ ಭಾಗ ಚುರುಕಾಗಿ ಎಚ್ಚರಿಕೆ ಕೊಡುತ್ತದೆ, ಆದರೆ ಆ ಎಚ್ಚರಿಕೆಯನ್ನು ತೂಗಿ ನೋಡಬೇಕಾದ ಮುಂಭಾಗದ ಮಿದುಳು ಇಪ್ಪತ್ತರ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಳಿತವೂ ಅಂಥ ಮಕ್ಕಳಲ್ಲಿ ತಾಳ ತಪ್ಪಿರಬಹುದು. ಇದರ ಫಲವೆಂದರೆ, ಇತರರು ಎರಡು ದಿನದಲ್ಲಿ ಮರೆತುಬಿಡುವ ಸ್ನೇಹಿತರ ಜಗಳ ಅಥವಾ ಪರೀಕ್ಷೆಯ ಹಿನ್ನಡೆ ಇವರನ್ನು ವಾರಗಟ್ಟಲೆ ಹಾಸಿಗೆ ಹಿಡಿಸಬಹುದು. ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ?’ ಎಂದು ನಿಮ್ಮ ಬಾಯಿಗೆ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಹುಡುಗ ಮತ್ತು ಹುಡುಗಿಯ ನಡುವಿನ ವ್ಯತ್ಯಾಸ

ಪ್ರಾಯಕ್ಕೆ ಬರುವ ಮೊದಲು ಖಿನ್ನತೆ ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಹನ್ನೆರಡು ಹದಿಮೂರರಿಂದ ದಾರಿಗಳು ಕವಲೊಡೆದು, ಹದಿಹರೆಯದ ಕೊನೆಯ ಹೊತ್ತಿಗೆ ಹುಡುಗಿಯರಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ. ಆತಂಕದ ಕಾಯಿಲೆಗಳಲ್ಲಿ ಹುಡುಗಿಯರ ಪಾಲು ಅದಕ್ಕೂ ಮೊದಲೇ ಹೆಚ್ಚಿರುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಹುಡುಗಿಯರು ಹೆಚ್ಚಾಗಿ ಗುರಿಯಾಗುವುದು, ದೇಹದ ಬದಲಾವಣೆಯೊಡನೆ ಬರುವ ನೋಟ ಮತ್ತು ಟೀಕೆಗಳು, ನೋವನ್ನು ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸ, ಇವೆಲ್ಲವೂ ಇದಕ್ಕೆ ಕಾರಣವಾಗುತ್ತವೆ.

ಹಾಗೆಂದು ಹುಡುಗರು ಗಟ್ಟಿಗರು ಎಂಬ ತೀರ್ಮಾನಕ್ಕೆ ಬರುವುದು ಆತುರವಾಗುತ್ತದೆ. ಹುಡುಗರ ನೋವು ಸಿಟ್ಟು, ಕುಡಿತ, ಅಪಾಯಕಾರಿ ಸಾಹಸ, ಶಾಲೆ ತಪ್ಪಿಸುವಿಕೆಗಳ ರೂಪದಲ್ಲಿ ಹೊರಬಂದಾಗ ಅದು ಶಿಸ್ತಿನ ಕಡತಕ್ಕೆ ಸೇರುತ್ತದೆಯೇ ಹೊರತು ವೈದ್ಯರ ಕಡತಕ್ಕಲ್ಲ. ತಮ್ಮ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹುಡುಗರು ಹೇಳಿಕೊಳ್ಳುವುದೂ ಅಪರೂಪ. ಆತ್ಮಹತ್ಯೆಯ ಪ್ರಯತ್ನಗಳು ಹುಡುಗಿಯರಲ್ಲಿ ಹೆಚ್ಚಾಗಿದ್ದರೂ ಸಾವಿನಲ್ಲಿ ಕೊನೆಗೊಳ್ಳುವುದು ಬಹುಪಾಲು ದೇಶಗಳಲ್ಲಿ ಹುಡುಗರಲ್ಲೇ ಹೆಚ್ಚು ಎಂಬುದನ್ನು ನೆನೆದರೆ, ಅವರ ಮೌನವನ್ನು ಸಮಾಧಾನವೆಂದು ಓದುವುದು ಎಷ್ಟು ಅಪಾಯವೆಂದು ತಿಳಿಯುತ್ತದೆ.

ಒಂದೇ ನೆರವು ಇಬ್ಬರಿಗೂ ಒಂದೇ ಬಗೆಯಲ್ಲಿ ನಾಟದಿರಬಹುದು ಎಂಬುದಕ್ಕೂ ಆಧಾರವಿದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವು ಪಾಲನಾಗೃಹಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತುವ ಕ್ರಮದಲ್ಲಿ ಆರಿಸಿ ಸಾಕುಕುಟುಂಬಗಳಿಗೆ ಕಳುಹಿಸಿತು. ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ನೋಡಿದಾಗ, ಕುಟುಂಬಕ್ಕೆ ಹೋದ ಹುಡುಗಿಯರಲ್ಲಿ ಖಿನ್ನತೆ, ಆತಂಕದ ಬಗೆಯ ತೊಂದರೆಗಳು ಸ್ಪಷ್ಟವಾಗಿ ತಗ್ಗಿದ್ದವು. ಹುಡುಗರಲ್ಲಿ ಅಂಥ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಹುಡುಗರನ್ನು ಕೈಬಿಡಲು ಇದು ಕಾರಣವಲ್ಲ. ಅವರಿಗೆ ಹೆಚ್ಚು ಕಾಲ, ಹೆಚ್ಚು ತಾಳ್ಮೆಯಿಂದ ನೆರವು ಬೇಕಾಗಬಹುದು ಎಂದು ಇದನ್ನು ಅರ್ಥಮಾಡಿಕೊಳ್ಳುವುದು ಸರಿಯೆಂದು ನನಗನಿಸುತ್ತದೆ. ಇವೆಲ್ಲ ಸರಾಸರಿಯ ಮಾತುಗಳು. ಸಿಡುಕುವ ಹುಡುಗಿಯರೂ ಮೌನವಾಗಿ ಕುಗ್ಗುವ ಹುಡುಗರೂ ಬೇಕಾದಷ್ಟಿದ್ದಾರೆ.

ಗಮನಿಸುವುದು ಹೇಗೆ?

ಮಗುವಿನ ಸ್ವಭಾವವನ್ನಲ್ಲ, ಅದರಲ್ಲಾದ ಬದಲಾವಣೆಯನ್ನು ನೋಡಿ. ಮೊದಲಿನಿಂದಲೂ ಮಿತಭಾಷಿಯಾದವಳು ಮಿತಭಾಷಿಯಾಗಿಯೇ ಇದ್ದರೆ ಚಿಂತಿಸಬೇಕಿಲ್ಲ, ಆದರೆ ಮನೆತುಂಬ ಮಾತಾಡುತ್ತಿದ್ದವಳು ಊಟದ ತಟ್ಟೆಯ ಮುಂದೆ ತಲೆ ಎತ್ತದಂತಾದರೆ ದಿನಗಳನ್ನು ಎಣಿಸಲು ತೊಡಗಿ. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಕುಂದಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿಗಳಲ್ಲಿ ಏರುಪೇರು: ಖಿನ್ನತೆಯ ನಿರ್ಣಯಕ್ಕೆ ವೈದ್ಯರು ನೋಡುವುದು ಇಂಥವನ್ನೇ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ದುಃಖದ ಜಾಗದಲ್ಲಿ ಸಿಡುಕು ಮಾತ್ರ ಇದ್ದರೂ ಸಾಕೆಂದು ರೋಗನಿರ್ಣಯದ ಕೈಪಿಡಿಯೇ ಹೇಳುತ್ತದೆ.

ಆತಂಕ ಹಲವು ಬಾರಿ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ. ಶಾಲೆಯ ದಿನ ಬೆಳಗ್ಗೆ ಏಳಕ್ಕೆ ಹೊಟ್ಟೆನೋವು ಆರಂಭವಾಗಿ, ‘ಇವತ್ತು ಬೇಡ ಬಿಡು’ ಎಂದ ಅರ್ಧ ಗಂಟೆಯಲ್ಲಿ ಇಳಿದು, ಭಾನುವಾರ ಇಡೀ ದಿನ ಸುಳಿಯದೇ ಇದ್ದರೆ ಅದನ್ನು ನಾಟಕವೆನ್ನಬೇಡಿ. ನೋವು ನಿಜವಾದದ್ದೇ, ಅದರ ಮೂಲವನ್ನು ಹೊಟ್ಟೆಯಾಚೆಗೂ ಹುಡುಕಬೇಕು. ಹುಡುಗನಾದರೆ, ವರ್ಷಗಳಿಂದ ಆಡುತ್ತಿದ್ದ ತಂಡವನ್ನು ಕಾರಣ ಹೇಳದೆ ಬಿಟ್ಟದ್ದು, ರಾತ್ರಿ ಎರಡರವರೆಗೂ ಮೊಬೈಲಿನ ಬೆಳಕು ಆರದೇ ಇರುವುದು, ಹೆಸರು ಹಿಡಿದು ಕೂಗಿದರೂ ರೇಗಿ ಬೀಳುವುದು ಗಮನಕ್ಕೆ ಬರಲಿ.

ಮಾತಿಗೆ ತೊಡಗುವುದು

ಎದುರುಬದುರು ಕೂರಿಸಿಕೊಂಡು ಮಾಡುವ ವಿಚಾರಣೆಯಲ್ಲಿ ಹದಿಹರೆಯದವರು, ಅದರಲ್ಲೂ ಹುಡುಗರು, ಬಾಯಿ ಬಿಡುವುದು ಕಡಿಮೆ. ಜೊತೆಯಲ್ಲಿ ನಡೆಯುವಾಗ, ಪಾತ್ರೆ ತೊಳೆಯುವಾಗ, ಕಣ್ಣಿಗೆ ಕಣ್ಣು ಕೊಡಬೇಕಿಲ್ಲದ ಹೊತ್ತಿನಲ್ಲಿ ಮಾತು ಸುಲಭವಾಗುತ್ತದೆ. ಕಂಡದ್ದನ್ನು ತೀರ್ಪಿಲ್ಲದೆ ಹೇಳಿ: ‘ಎರಡು ವಾರದಿಂದ ನೀನು ಆಟಕ್ಕೆ ಹೋಗಿಲ್ಲ, ರಾತ್ರಿ ನಿದ್ದೆಯೂ ಮಾಡ್ತಿಲ್ಲ ಅನ್ನಿಸ್ತು. ಬೈಯೋಕೆ ಕೇಳ್ತಿಲ್ಲ. ಏನಾದರೂ ಭಾರ ಇದ್ದರೆ ಹೇಳು, ಇವತ್ತೇ ಹೇಳಬೇಕು ಅಂತೇನಿಲ್ಲ.’ ಉತ್ತರ ಬರಲಿಲ್ಲವೆಂದರೆ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ. ಹುಡುಗಿಯೊಬ್ಬಳು ಒಂದೇ ಘಟನೆಯನ್ನು ಹತ್ತು ಸಲ ಹೇಳುತ್ತಿದ್ದರೆ ಕೇಳಿಸಿಕೊಳ್ಳಿ, ಆದರೆ ಆ ಸುಳಿಯಲ್ಲೇ ಸುತ್ತಲು ಬಿಡದೆ, ‘ನಾಳೆಗೆ ಇದರಲ್ಲಿ ಯಾವ ಒಂದು ಭಾಗವನ್ನು ಹಗುರ ಮಾಡೋಣ?’ ಎಂದು ಹೆಜ್ಜೆಯ ಕಡೆಗೆ ತಿರುಗಿಸಿ.

ಮಗು ದೌರ್ಜನ್ಯದ ವಿಷಯವನ್ನು ಹೇಳಿದರೆ ಮೊದಲ ಮಾತು ‘ನಿನ್ನನ್ನು ನಂಬ್ತೀನಿ, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂಬುದಾಗಿರಲಿ. ವಿವರಗಳನ್ನು ಕೆದಕುವುದು, ಆರೋಪಿಯನ್ನು ತಾವೇ ಎದುರಿಸಲು ಓಡುವುದು ಎರಡೂ ಮಗುವಿಗೆ ಹಾನಿ ಮಾಡಬಲ್ಲವು. ‘ಯಾರಿಗೂ ಹೇಳಲ್ಲ’ ಎಂಬ ಭಾಷೆಯನ್ನು ಮಾತ್ರ ಕೊಡಬೇಡಿ, ಏಕೆಂದರೆ ಮಗುವನ್ನು ಕಾಪಾಡಲು ಮಕ್ಕಳ ರಕ್ಷಣೆಯ ವ್ಯವಸ್ಥೆಗೆ ತಿಳಿಸಬೇಕಾಗುತ್ತದೆ, ಮತ್ತು ಮುರಿದ ಮಾತು ಇನ್ನೊಂದು ಪೆಟ್ಟಾಗುತ್ತದೆ. ಯಾರಿಗೆ ಹೇಳುತ್ತೀರಿ, ಏಕೆ ಹೇಳುತ್ತೀರಿ ಎಂದು ಮೊದಲೇ ತಿಳಿಸಿ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದ್ದರಿಂದಲೇ ಆ ಯೋಚನೆ ಹುಟ್ಟುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಔಷಧಿ, ಕೀಟನಾಶಕ, ಹರಿತವಾದ ವಸ್ತು, ಬಂದೂಕುಗಳನ್ನು ಕೈಗೆ ಸಿಗದಂತೆ ಮಾಡಿ, ಅದೇ ದಿನ ತುರ್ತು ಚಿಕಿತ್ಸಾ ವಿಭಾಗವನ್ನೋ ಆತ್ಮಹತ್ಯೆ ತಡೆಯುವ ಸಹಾಯವಾಣಿಯನ್ನೋ ಸಂಪರ್ಕಿಸಿ.

ಚಿಕಿತ್ಸೆಗೆ ಕರೆದೊಯ್ಯುವಾಗ

ಅಪಾಯ ಇನ್ನೂ ಮುಂದುವರಿದಿದ್ದರೆ ಮೊದಲ ಚಿಕಿತ್ಸೆ ಸುರಕ್ಷತೆಯೇ. ಹೊಡೆತ ನಿಲ್ಲದ ಮನೆಯಲ್ಲಿ ಆಪ್ತಸಮಾಲೋಚನೆ ಹೆಚ್ಚು ದೂರ ಸಾಗದು. ಆ ಬಳಿಕ, ಕಂಡ ಬದಲಾವಣೆಗಳನ್ನು ದಿನಾಂಕದೊಡನೆ ಬರೆದುಕೊಂಡು ಹೋಗಿ, ಮತ್ತು ಸಿಟ್ಟು ಅಥವಾ ಕುಡಿತದ ದೂರನ್ನಷ್ಟೇ ಒಪ್ಪಿಸದೆ ಬಾಲ್ಯದಲ್ಲಿ ನಡೆದದ್ದನ್ನೂ ತಿಳಿಸಿ, ಅದೂ ಮಗುವಿನ ಒಪ್ಪಿಗೆ ಕೇಳಿ. ವೈದ್ಯರೊಡನೆ ಮಗುವಿಗೆ ಒಂಟಿಯಾಗಿ ಮಾತಾಡುವ ಅವಕಾಶ ಇರಲಿ.

ಆಲೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಅರಿವು-ವರ್ತನಾ ಚಿಕಿತ್ಸೆ, ಅದರಲ್ಲೂ ಆಘಾತಕ್ಕೆಂದೇ ರೂಪಿಸಿದ ಬಗೆ, ಒಳ್ಳೆಯ ಆಧಾರವುಳ್ಳದ್ದು. ಮಧ್ಯಮದಿಂದ ತೀವ್ರ ಖಿನ್ನತೆಯಿದ್ದ ಹದಿಹರೆಯದವರ ಕುರಿತು 2004ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಎಂಬ ಮಾತ್ರೆ ಮತ್ತು ಈ ಚಿಕಿತ್ಸೆ ಜೊತೆಯಾದಾಗ ಹನ್ನೆರಡು ವಾರಗಳಲ್ಲಿ ಅತ್ಯುತ್ತಮ ಫಲ ಸಿಕ್ಕಿತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಖಿನ್ನತೆಯ ಮಾತ್ರೆಗಳು ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆಯನ್ನು ಹೆಚ್ಚಿಸಬಹುದೆಂಬ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಕಡ್ಡಾಯ ಮಾಡಿತು. ಆದ್ದರಿಂದ ಮಾತ್ರೆ ಆರಂಭಿಸಿದ ಮತ್ತು ಪ್ರಮಾಣ ಬದಲಿಸಿದ ಮೊದಲ ವಾರಗಳಲ್ಲಿ ಮಗುವಿನ ಚಡಪಡಿಕೆ, ನಿದ್ದೆ, ಮಾತುಗಳನ್ನು ಹತ್ತಿರದಿಂದ ನೋಡಿ, ಸಂಶಯ ಬಂದರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ. ವೈದ್ಯರನ್ನು ಕೇಳದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ.

ತಾಯಿಯೋ ತಂದೆಯೋ ತಾವೇ ಖಿನ್ನತೆಯಲ್ಲಿದ್ದರೆ ತಮ್ಮ ಚಿಕಿತ್ಸೆಯನ್ನು ಮುಂದೂಡಬಾರದು. ತಾಯಿಯ ಖಿನ್ನತೆ ವಾಸಿಯಾದಾಗ ಮಕ್ಕಳ ಲಕ್ಷಣಗಳೂ ತಗ್ಗುವುದನ್ನು ಅಧ್ಯಯನಗಳು ತೋರಿಸಿವೆ. ಮಗುವಿನ ಪಾಲಿಗೆ ಒಬ್ಬ ನೆಚ್ಚಬಹುದಾದ ದೊಡ್ಡವರು ಇರಬೇಕು; ಅದು ಅಜ್ಜಿಯಾಗಬಹುದು, ಆಟ ಕಲಿಸುವವರಾಗಬಹುದು. ಹೇಳಿದ ಹೊತ್ತಿಗೆ ಬರುವುದು, ಸಿಟ್ಟನ್ನು ಕಂಡು ಓಡಿಹೋಗದಿರುವುದು ಅವರ ಮುಖ್ಯ ಕೆಲಸ. ಶಾಲೆ ಬದಲಾದಾಗ, ಪ್ರೀತಿ ಮುರಿದಾಗ, ದೌರ್ಜನ್ಯ ನಡೆದ ದಿನ ವರ್ಷಕ್ಕೊಮ್ಮೆ ಮರಳಿದಾಗ ಲಕ್ಷಣಗಳು ಮತ್ತೆ ತಲೆಯೆತ್ತಬಹುದು. ಅಂಥ ದಿನಗಳು ಯಾವುವೆಂದು ಮಗುವಿನೊಡನೆ ಕೂತು ಮೊದಲೇ ಗುರುತು ಹಾಕಿಕೊಳ್ಳಿ, ಆ ವಾರದಲ್ಲಿ ಯಾರಿಗೆ ಕರೆ ಮಾಡುವುದು, ಯಾವ ಕೆಲಸವನ್ನು ಕೈಬಿಡುವುದು ಎಂದು ಒಂದು ಹಾಳೆಯಲ್ಲಿ ಬರೆದಿಡಿ, ಆ ಹಾಳೆಯ ಒಂದು ಪ್ರತಿ ಮಗುವಿನ ಬಳಿಯೇ ಇರಲಿ.