ಬಾವಿಯ ಬಳಿ ಉಳಿದ ಕೊಡ

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ 2025ರಲ್ಲಿ ಮಾರ್ಚ್ 5ರಂದು ಬಂದಿತ್ತು. ಅದಕ್ಕೂ ಮೂರು ವಾರ ಮೊದಲೇ ನಮ್ಮ ಧರ್ಮಕೇಂದ್ರದ ಆರಾಧನಾ ಸಮಿತಿ ತಪಸ್ಸುಕಾಲದ ವಾಚನಗಳನ್ನು, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳನ್ನು, ಹಿಡಿದು ಕುಳಿತಿತ್ತು. ಕಥೋಲಿಕ ಧರ್ಮಸಭೆಯಲ್ಲಿ ಭಾನುವಾರದ ವಾಚನಗಳು ಎ, ಬಿ, ಸಿ ಎಂದು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಎಲ್ಲವೂ ಗೊತ್ತುಮಾಡಿಟ್ಟಿರುವಾಗ ನಾವು ಆರಿಸುವುದೇನು ಎಂದು ಹೊಸ ಸದಸ್ಯರೊಬ್ಬರು ಕೇಳಿದರು. ನಾನೂ ಮೊದಲ ವರ್ಷ ಹಾಗೆಯೇ ಕೇಳಿದ್ದೆ.

ಅದು ಸಿ ವರ್ಷ. ಆದರೆ ಆ ಸಲ ಇಬ್ಬರು ಯುವತಿಯರು ಹಬ್ಬದ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯಂದು ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲು ಸಿದ್ಧರಾಗುತ್ತಿದ್ದರು. ಅಂಥವರಿಗಾಗಿ ವಿಶೇಷ ಪ್ರಾರ್ಥನೆ ನಡೆಯುವ ಪೂಜೆಯಲ್ಲಿ ಮೂರು, ನಾಲ್ಕು, ಐದನೆಯ ಭಾನುವಾರಗಳಿಗೆ ಎ ವರ್ಷದ ವಾಚನಗಳನ್ನೇ ಬಳಸಬೇಕು: ಬಾವಿಯ ಬಳಿ ಯೇಸುವನ್ನು ಕಂಡ ಸಮಾರಿಯದ ಸ್ತ್ರೀ, ದೃಷ್ಟಿ ಪಡೆದ ಹುಟ್ಟುಕುರುಡ, ಸತ್ತು ಎದ್ದುಬಂದ ಲಾಜರ. ಹಾಗೆ ಮಾಡಿದರೆ ಸಿ ವರ್ಷದ ದುಂದುಗಾರ ಮಗನ ಸಾಮತಿ (ದೃಷ್ಟಾಂತಕಥೆ) ಕೈತಪ್ಪುತ್ತದೆಂದು ಹಿರಿಯರೊಬ್ಬರು ನೊಂದುಕೊಂಡರು. ಅವರ ಮಾತು ನನಗೂ ತಟ್ಟಿತು. ಕೊನೆಗೆ ಒಂಬತ್ತು ಗಂಟೆಯ ಪೂಜೆಗೆ ಎ ವರ್ಷದ ವಾಚನ, ಏಳು ಗಂಟೆಯದಕ್ಕೆ ಸಿ ವರ್ಷದ್ದು ಎಂದು ತೀರ್ಮಾನವಾಯಿತು. ಎರಡನೆಯ ವಾರದ ಶನಿವಾರ ಪ್ರತಿವರ್ಷವೂ ಅದೇ ಸಾಮತಿಯನ್ನು ಓದುತ್ತೇವೆಂಬುದು ಪಟ್ಟಿ ತಿರುವಿದಾಗ ಕಂಡಿತು. ಆ ಬೆಳಗಿನ ಪೂಜೆಗೆ ಜನರನ್ನು ಕರೆದೆವು.

ನಿಜವಾದ ವಾದ ನಡೆದದ್ದು ಉದ್ದದ ವಿಷಯಕ್ಕೆ. ಸಮಾರಿಯದ ಸ್ತ್ರೀಯ ಕಥೆ ಬರುವ, ಯೊವಾನ್ನನ ಶುಭಸಂದೇಶದ ನಾಲ್ಕನೆಯ ಅಧ್ಯಾಯದ ಭಾಗ 38 ವಚನಗಳಷ್ಟಿದೆ. ಮಾರ್ಚಿನ ಸೆಕೆಯಲ್ಲಿ ಜನ ನಿಂತು ಕೇಳಬೇಕು. ಸಂಕ್ಷಿಪ್ತ ರೂಪಕ್ಕೂ ಅನುಮತಿಯಿದೆ, ಅದನ್ನೇ ಇಟ್ಟುಕೊಳ್ಳೋಣ ಎಂದವರೇ ಹೆಚ್ಚು. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ಗೆರೆ ಎಳೆಯುತ್ತಾ ಹೋದೆ. ಸಂಕ್ಷಿಪ್ತ ರೂಪದಲ್ಲಿ ಅವಳ ಗಂಡಂದಿರ ಮಾತಿಲ್ಲ. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗುವ 28ನೆಯ ವಚನವೂ ಇಲ್ಲ. ನೀರಿಗೆಂದು ಬಂದವಳು ಕೊಡವನ್ನೇ ಮರೆತಳೆಂಬುದನ್ನು ಕೇಳದೆ ಆ ಕಥೆಯನ್ನು ಹೇಗೆ ಕೇಳಿದಂತಾಯಿತು? ಹುಟ್ಟುಕುರುಡನ ಅಧ್ಯಾಯದಲ್ಲೂ ಹೀಗೆಯೇ. ಯೆಹೂದ್ಯರಿಗೆ ಅಂಜಿ ‘ಅವನನ್ನೇ ಕೇಳಿ’ ಎಂದು ಜಾರಿಕೊಳ್ಳುವ ತಂದೆತಾಯಿ ಸಂಕ್ಷಿಪ್ತ ರೂಪದಲ್ಲಿ ಕಾಣಿಸುವುದೇ ಇಲ್ಲ.

ತಯಾರಿಯ ತರಗತಿಯಲ್ಲಿ ಪೂರ್ಣ ಭಾಗವನ್ನು ಓದಿದಾಗ ಆ ಯುವತಿಯರಲ್ಲಿ ಒಬ್ಬಳು ಥಟ್ಟನೆ ಹೇಳಿದಳು: “ಅಕ್ಕ, ನಮ್ಮೂರಲ್ಲಿ ಯಾರೂ ನಡುಮಧ್ಯಾಹ್ನ ನೀರಿಗೆ ಹೋಗುವುದಿಲ್ಲ. ಬೆಳಗ್ಗೆ ಬಾವಿಕಟ್ಟೆಯಲ್ಲಿ ಹೆಂಗಸರ ಮಾತು ಕೇಳಲಾರದವಳೇ ಆ ಹೊತ್ತಿಗೆ ಬಂದಿರಬೇಕು.” ಈ ಮಾತನ್ನು ಸಮಿತಿಯಲ್ಲಿ ಹೇಳಿದೆ. ಗುರುಗಳು ಪೂರ್ಣ ರೂಪಕ್ಕೆ ಒಪ್ಪಿದರು. ವಯಸ್ಸಾದವರು ಕುಳಿತೇ ಕೇಳಬಹುದೆಂದು ಮೊದಲೇ ತಿಳಿಸಿದೆವು, ಗುರುಗಳು ತಮ್ಮ ಪ್ರಬೋಧನೆಯನ್ನು ಮೊಟಕುಗೊಳಿಸಿದರು.

ಪಾಸ್ಖ ಜಾಗರಣೆಗೆ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಮೂರನ್ನಾದರೂ ಓದಬೇಕು, ಕೆಂಪು ಸಮುದ್ರ ದಾಟುವ ವಿಮೋಚನಾಕಾಂಡದ 14ನೆಯ ಅಧ್ಯಾಯವನ್ನಂತೂ ಬಿಡುವಂತಿಲ್ಲ. ಬಾವಿಯ ನೀರಿನಿಂದ ಹೊರಟವರು ನೀರನ್ನೇ ಹಿಡಿದು ಸಾಗೋಣ ಎಂದೆ. ಜಲರಾಶಿಯ ಮೇಲೆ ದೇವರಾತ್ಮ ಚಲಿಸುವ ಆದಿಕಾಂಡ, ಆಮೇಲೆ ಸಮುದ್ರ, ಬಾಯಾರಿದವರನ್ನು ನೀರಿಗೆ ಕರೆಯುವ ಯೆಶಾಯನ 55, ಶುದ್ಧ ನೀರು ಚಿಮುಕಿಸಿ ಹೊಸ ಹೃದಯ ಕೊಡುವೆನೆನ್ನುವ ಯೆಜೆಕಿಯೇಲನ 36. ನಾಲ್ಕಾದವು. ಓದುವವರಿಗೆ ಎರಡು ವಾರ ಮೊದಲೇ ಹಾಳೆ ಕೊಟ್ಟು, ದೇವಾಲಯದಲ್ಲೇ ಮೈಕಿನ ಮುಂದೆ ನಿಲ್ಲಿಸಿ ಓದಿಸಿದೆ. ಜಾಗರಣೆಯಲ್ಲಿ ಮೊದಲ ವಾಚನಗಳನ್ನು ಮಬ್ಬು ಬೆಳಕಿನಲ್ಲಿ ಓದಬೇಕಾಗುವುದರಿಂದ ಅಕ್ಷರವನ್ನು ದಪ್ಪಗೆ ಮುದ್ರಿಸಿಕೊಂಡಿದ್ದೆವು.

ಈ ಆಯ್ಕೆಯಲ್ಲಿ ಹೊರಗುಳಿದ ಮೂರರಲ್ಲಿ ಒಂದು, ಅಬ್ರಹಾಮ ಮಗನನ್ನು ಬಲಿಕೊಡಲು ಬೆಟ್ಟ ಹತ್ತುವ ಅಧ್ಯಾಯ. ಕಟ್ಟಿಗೆ ಹೊತ್ತ ಈಸಾಕನನ್ನು ಬಿಟ್ಟು ಶಿಲುಬೆ ಹೊತ್ತ ಮಗನ ಬಳಿಗೆ ಬಂದೆವಲ್ಲ ಎಂಬ ಕೊರಗು ನನ್ನಲ್ಲಿ ಇನ್ನೂ ಇದೆ. ಮುಂದಿನ ಜಾಗರಣೆಗೆ ಅದನ್ನೂ ಸೇರಿಸಿ ಐದು ಓದೋಣ ಎಂದು ಗುರುಗಳಲ್ಲಿ ಕೇಳಿಕೊಂಡಿದ್ದೇನೆ.