ಒಂದು ಕ್ಯಾನ್ ನೀರಿಗೆ ಎಷ್ಟು ಹೊಲವೋ ಅಷ್ಟೇ: ಸ್ಟಾರ್‌ಡ್ಯೂ ವ್ಯಾಲಿ ನಿಧಾನಕ್ಕೆ ಆಡುವ ಬಗೆ

ನಮ್ಮ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಹುಡುಗರು ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಒಕ್ಕಲುತನದ ಗೇಮ್ ಶುರು ಮಾಡಿದರೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಥರ ಆಡುತ್ತಾರೆ. ಖಾಲಿ ಹೊಲ ಕಂಡ ಕೂಡಲೇ ಪೂರ್ತಿ ಹರಗಿ, ಕೈಯಲ್ಲಿರುವ ದುಡ್ಡಿಗೆಲ್ಲ ಬೀಜ ತಂದು ಹಾಕುತ್ತಾರೆ. ಹೊಲ ಬೀಳು ಬಿಡೋದು ನಮ್ಮ ಮನಸ್ಸಿಗೆ ಒಗ್ಗಲ್ಲ, ಅಲ್ವಾ? ಆಮೇಲೆ ಗೇಮಿನೊಳಗೆ ಬೆಳಿಗ್ಗೆ ಎದ್ದಾಗಿನಿಂದ ನೀರು ಹಾಕುವುದೇ ಕೆಲಸ, ಮಧ್ಯಾಹ್ನಕ್ಕೆ ಸುಸ್ತು, ಮಲಗು, ಮತ್ತೆ ನೀರು. ವಾರ ಕಳೆಯುವಷ್ಟರಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಇಷ್ಟು ಚೆಂದದ ಗೇಮನ್ನು ಹಾಗೆ ಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ದುಡ್ಡು ಎಷ್ಟಿದೆ ಅಂತ ನೋಡಿ ಬಿತ್ತಬೇಡಿ. ಮಧ್ಯಾಹ್ನ ನಿಮಗೆಷ್ಟು ಬಿಡುವು ಬೇಕು ಅಂತ ನೋಡಿ ಬಿತ್ತಿ.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಎರಿಕ್ ಬರೋನ್ ಅನ್ನುವವರು ಚಿತ್ರ, ಸಂಗೀತ, ಕೋಡ್ ಎಲ್ಲಾ ಒಬ್ಬರೇ ಮಾಡಿ 2016ರ ಫೆಬ್ರವರಿ 26ಕ್ಕೆ ಬಿಟ್ಟ ಗೇಮ್ ಇದು. ಆಂಡ್ರಾಯ್ಡ್ ಫೋನಿಗೆ 2019ರಲ್ಲಿ ಬಂತು. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಜಾಹೀರಾತು ಇಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಸಿಗ್ನಲ್ ಬಂದು ಹೋಗಿ ಮಾಡುವ ನಮ್ಮ ಹಳ್ಳಿಗಳಲ್ಲಿ ಇದು ದೊಡ್ಡ ಅನುಕೂಲ. ಕನ್ನಡದಲ್ಲಿ ಇಲ್ಲ, ಆದರೆ ಇಂಗ್ಲಿಷ್ ಸರಳವಾಗಿದೆ, ಹೈಸ್ಕೂಲ್ ಹುಡುಗರಿಗೆ ಸಾಕು.

ಮೊದಲು ಗಡಿಯಾರ ಅರ್ಥ ಮಾಡಿಕೊಳ್ಳಿ, ಏಕೆಂದರೆ ಗಡಿಬಿಡಿ ಹುಟ್ಟುವುದೇ ಅಲ್ಲಿ. ಗೇಮಿನ ದಿನ ಬೆಳಿಗ್ಗೆ 6ಕ್ಕೆ ಶುರುವಾಗಿ ರಾತ್ರಿ 2ಕ್ಕೆ ಮುಗಿಯುತ್ತದೆ. ಅಲ್ಲಿನ 10 ನಿಮಿಷ ಅಂದರೆ ನಮ್ಮ ಸುಮಾರು 7 ಸೆಕೆಂಡ್, ಅಂದರೆ ಇಡೀ ದಿನ ಹದಿನಾಲ್ಕು ನಿಮಿಷದ ಸ್ವಲ್ಪ ಮೇಲೆ. ಒಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕು ಋತು. ಒಬ್ಬರೇ ಆಡುವಾಗ ಮೆನು ತೆರೆದರೆ ಸಮಯ ನಿಲ್ಲುತ್ತದೆ. ಇದನ್ನು ಚೆನ್ನಾಗಿ ಬಳಸಿಕೊಳ್ಳಿ. ಯಾರೋ ಕರೆದರು, ಚಹಾ ಬಂತು, ಏನು ಮಾಡಬೇಕು ಅಂತ ತೋಚಲಿಲ್ಲ, ಮೆನು ತೆರೆದು ಕೂತುಬಿಡಿ.

ಈಗ ಮೊದಲ ವಸಂತ. ಹೊಲದ ನಮೂನೆ ಕೇಳಿದಾಗ ಸ್ಟ್ಯಾಂಡರ್ಡ್ ಫಾರ್ಮ್ ತೆಗೆದುಕೊಳ್ಳಿ. ಮೇಯರ್ ಲೂಯಿಸ್ 15 ಪಾರ್ಸ್‌ನಿಪ್ ಬೀಜ ಇಟ್ಟಿರುತ್ತಾನೆ, ಕೈಯಲ್ಲಿ 500 ಗೋಲ್ಡ್ (ಗೇಮಿನ ದುಡ್ಡು) ಇರುತ್ತದೆ. ಪಾರ್ಸ್‌ನಿಪ್ ಅಂದರೆ ನಮ್ಮ ಮೂಲಂಗಿ ಹಾಗೆ ಕಾಣುವ ಗಡ್ಡೆ, ನಾಲ್ಕು ದಿನಕ್ಕೆ ಬರುತ್ತದೆ. ಆ 15 ಹಾಕಿ. ಪಿಯರ್ ಅಂಗಡಿಗೆ ಹೋಗಿ (9ಕ್ಕೆ ತೆಗೆಯುತ್ತಾನೆ, ಬುಧವಾರ ರಜೆ) ಒಂದೈದು ಆಲೂಗಡ್ಡೆ ಬೀಜ ತನ್ನಿ, ಒಂದಕ್ಕೆ 50 ಗೋಲ್ಡ್. ಉಳಿದ ದುಡ್ಡು ಜೇಬಿನಲ್ಲಿರಲಿ. ಅಷ್ಟೇ, ಮೊದಲ ವಾರಕ್ಕೆ ಇಷ್ಟು ಸಾಕು.

ಯಾಕೆ ಇಷ್ಟು ಕಡಿಮೆ ಅಂತೀರಾ? ಲೆಕ್ಕ ನೋಡಿ. ಶುರುವಿನಲ್ಲಿ ಸಿಗುವ ನೀರಿನ ಕ್ಯಾನ್ ಒಮ್ಮೆ ತುಂಬಿದರೆ 40 ಚೌಕಕ್ಕೆ (ಗೇಮಿನ ಹೊಲ ಚೌಕ ಚೌಕವಾಗಿರುತ್ತದೆ, ಒಂದು ಚೌಕಕ್ಕೆ ಒಂದು ಬೀಜ) ಸಾಕಾಗುತ್ತದೆ. ನಿಮ್ಮ ಶಕ್ತಿ 270. ಒಂದು ಚೌಕಕ್ಕೆ ನೀರು ಹಾಕಿದರೆ 2 ಖರ್ಚು. 40 ಚೌಕಕ್ಕೆ 80 ಹೋಗಿ, ಇನ್ನೂ 190 ಉಳಿಯುತ್ತದೆ. ಅದರಲ್ಲಿ ಕಟ್ಟಿಗೆ ಕಡಿಯಬಹುದು, ಮೀನು ಹಿಡಿಯಬಹುದು, ಗಣಿಗೆ ಇಳಿಯಬಹುದು. ಅದೇ ನೂರು ಚೌಕ ಬಿತ್ತಿದರೆ 200 ಶಕ್ತಿ ನೀರಿಗೇ ಹೋಯಿತು, ನಡುವೆ ಎರಡು ಸಲ ಕೆರೆಗೆ ಓಡಿ ಕ್ಯಾನ್ ತುಂಬಬೇಕು, ಮಿಕ್ಕಿದ 70ರಲ್ಲಿ ಏನು ಮಾಡುತ್ತೀರಿ? ಅದಕ್ಕೇ ನನ್ನ ಅಳತೆ ಒಂದೇ: ಒಂದು ಕ್ಯಾನ್ ಹೊಲ. ಒಂದು ಸಲ ತುಂಬಿದ ನೀರು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಹೊಲದ ಬದು. ಮೊದಲ ವರ್ಷ ಆ ಬದು ದಾಟಬೇಡಿ.

ಆ ಸಣ್ಣ ಹೊಲದಲ್ಲಿ ನೀರು ಹಾಕುವುದೇ ಒಂದು ಸುಖ. ಒಂದೊಂದು ಚೌಕಕ್ಕೆ ನೀರು ಬಿದ್ದ ಕೂಡಲೇ ಮಣ್ಣಿನ ಬಣ್ಣ ಗಾಢವಾಗುತ್ತದೆ, ಮೊದಲ ಮಳೆ ಬಿದ್ದ ಎರೆಹೊಲದ ಬಣ್ಣ. ಯಾವ ಚೌಕ ಬಿಟ್ಟುಹೋಗಿದೆ ಅಂತ ಒಂದು ನೋಟಕ್ಕೇ ಗೊತ್ತಾಗುತ್ತದೆ. ಸಾಲು ಮುಗಿಸಿ ತಿರುಗಿ ನೋಡಿದರೆ ಒಣ ಮಣ್ಣಿನ ತುಂಡು ಒಂದೂ ಇರಬಾರದು. ಇದನ್ನು ಓಡುತ್ತಾ ಮಾಡಿದರೆ ಏನೂ ಕಾಣುವುದಿಲ್ಲ.

ಒಂದು ದಿನ ನೀರು ತಪ್ಪಿದರೂ ಬೆಳೆ ಸಾಯುವುದಿಲ್ಲ. ಆ ದಿನದ ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಒದ್ದಾಡುತ್ತಾರೆ. ಮಾನ್ವಿ ಕಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವ ನಮ್ಮ ಮಾವ ಒಮ್ಮೆ ಪಕ್ಕದಲ್ಲಿ ಕೂತು ನೋಡುತ್ತಾ, ನೀರು ಒಂದು ದಿನ ತಪ್ಪಿದರೂ ಪರವಾಗಿಲ್ಲ ಅಂತ ನಾನು ಅಂದಾಗ ನನ್ನ ಫೋನನ್ನೇ ಕೈಗೆ ತೆಗೆದುಕೊಂಡು ಆ ಗಿಡಗಳನ್ನು ಬಹಳ ಹೊತ್ತು ನೋಡಿದರು. ತುಂಗಭದ್ರೆಯ ನೀರು ಅವರ ಹೊಲದವರೆಗೆ ಬರುತ್ತದೋ ಇಲ್ಲವೋ ಅಂತ ಪ್ರತಿ ವರ್ಷ ಕಾಯುವವರು ಅವರು. ನಿಜವಾದ ಒಕ್ಕಲುತನದಲ್ಲಿ ಇಲ್ಲದ ಒಂದು ನಿರಾಳ ಈ ಗೇಮಿನಲ್ಲಿದೆ. ಅದನ್ನು ಕೈಯಾರೆ ಹಾಳು ಮಾಡಿಕೊಳ್ಳಬೇಡಿ.

ಬೆಳೆ ಆಯ್ಕೆಗೆ ಬರೋಣ. ಒಮ್ಮೆ ನೆಟ್ಟು ಮತ್ತೆ ಮತ್ತೆ ಬಿಡಿಸುವ ಬೆಳೆಗಳೇ ನಿಧಾನಕ್ಕೆ ಆಡುವವರಿಗೆ ಸರಿ. ಬೇಸಿಗೆಯಲ್ಲಿ ಮೆಣಸಿನಕಾಯಿ ಹಾಕಿ. ಬಳ್ಳಾರಿಯವರಿಗೆ ಹೇಳಬೇಕಾ? ಬೀಜ 40 ಗೋಲ್ಡ್, ಐದು ದಿನಕ್ಕೆ ಮೊದಲ ಕಾಯಿ, ಆಮೇಲೆ ಮೂರು ದಿನಕ್ಕೊಮ್ಮೆ ಬಿಡಿಸುತ್ತಲೇ ಇರಬಹುದು. ಬ್ಲೂಬೆರಿ 13 ದಿನ ಕಾಯಿಸುತ್ತದೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಮೂರು ಮೂರು ಹಣ್ಣು, ದುಡ್ಡಿಗೆ ಇದೇ ಮೇಲು. ಮೆಕ್ಕೆಜೋಳ ಬೇಸಿಗೆಯಲ್ಲಿ ಹಾಕಿದರೆ ಶರತ್ಕಾಲದಲ್ಲೂ ನಿಲ್ಲುತ್ತದೆ, ಮತ್ತೆ ಬಿತ್ತುವ ಕೆಲಸವಿಲ್ಲ. ಶರತ್ಕಾಲಕ್ಕೆ ಬದನೆ, ಬೀಜ ಬರೀ 20 ಗೋಲ್ಡ್, ಐದು ದಿನಕ್ಕೊಮ್ಮೆ ಕಾಯಿ. ಕುಂಬಳ ಇಷ್ಟವಿದ್ದರೆ ಒಂದನೇ ತಾರೀಖಿಗೇ ಹಾಕಿ, 13 ದಿನ ಬೇಕು. ನಮ್ಮ ಜೋಳ, ಹತ್ತಿ ಎರಡೂ ಈ ಗೇಮಿನಲ್ಲಿಲ್ಲ. ಅದೊಂದು ಕೊರತೆ ನನಗೆ ಇದ್ದೇ ಇದೆ.

ಋತು ಬದಲಾದ ದಿನ ಹಳೆ ಋತುವಿನ ಬೆಳೆ ಒಣಗಿಹೋಗುತ್ತದೆ. ಹಾಗಾಗಿ ಬಿತ್ತುವ ಮುಂಚೆ ಎಷ್ಟು ದಿನದ ಬೆಳೆ, 28ಕ್ಕೆ ಇನ್ನೆಷ್ಟು ದಿನ ಉಳಿದಿದೆ ನೋಡಿ. 20ನೇ ತಾರೀಖು ದಾಟಿದ ಮೇಲೆ ನಾನು ಹೊಸದಾಗಿ ಏನೂ ಬಿತ್ತುವುದಿಲ್ಲ, ಸಣ್ಣ ಪಾರ್ಸ್‌ನಿಪ್ ಬಿಟ್ಟರೆ. ಕೊನೆಯ ವಾರ ಮೀನು, ಅಣಬೆ, ಊರು ಸುತ್ತಾಟಕ್ಕೆ.

ಗೇಮಿನ ಮನೆಯೊಳಗಿನ ಟಿವಿ ದಿನಾ ನೋಡಿ, ಹವಾಮಾನ ಹೇಳುತ್ತದೆ. ನಾಳೆ ಮಳೆ ಅಂದರೆ ಒಂದು ಉಪಾಯವಿದೆ. ಇವತ್ತಿನ ನೀರು ಹಾಕಿ ಮುಗಿಸಿ, ಕ್ಯಾನನ್ನು ಕ್ಲಿಂಟ್ ಕಮ್ಮಾರನಿಗೆ ಕೊಡಿ. ತಾಮ್ರದ ಕ್ಯಾನ್ ಮಾಡಲು 2000 ಗೋಲ್ಡ್, 5 ತಾಮ್ರದ ಬಾರ್, ಎರಡು ದಿನ ಹಿಡಿಯುತ್ತದೆ. ನಾಳೆ ಮಳೆಯೇ ನೀರು ಹಾಕುತ್ತದೆ, ನಾಡಿದ್ದು ಬೆಳಿಗ್ಗೆ ಕ್ಯಾನ್ ವಾಪಸ್. ಒಂದು ದಿನವೂ ಬೆಳೆ ಒಣಗಲಿಲ್ಲ. ತಾಮ್ರದ ಕ್ಯಾನ್‌ಗೆ 55 ಚೌಕದ ನೀರು ಹಿಡಿಯುತ್ತದೆ, ಹಾಗಾಗಿ ನಿಮ್ಮ ಬದು ಕೂಡ 55ಕ್ಕೆ ಸರಿಯಿತು. ಹೊಲ ಹೀಗೆ ಬೆಳೆಯಬೇಕು.

ಇನ್ನೊಂದು ದಾರಿ ಸ್ಪ್ರಿಂಕ್ಲರ್. ಫಾರ್ಮಿಂಗ್ ಲೆವೆಲ್ (ಬೆಳೆ ಕೊಯ್ದಂತೆಲ್ಲ ಏರುವ ಮಟ್ಟ) 2ಕ್ಕೆ ಸಿಗುವುದು ಸುತ್ತಲಿನ 4 ಚೌಕಕ್ಕೆ, ಲೆವೆಲ್ 6ಕ್ಕೆ ಸಿಗುವುದು 8 ಚೌಕಕ್ಕೆ ನೀರು ಹಾಕುತ್ತದೆ. ಮೊದಲಿನದು ಮಾಡುತ್ತಾ ಕೂರಬೇಡಿ, ಕಬ್ಬಿಣ ಉಳಿಸಿ, ಎರಡನೆಯದಕ್ಕೆ ಕಾಯಿರಿ. ಸ್ಪ್ರಿಂಕ್ಲರ್ ಇಟ್ಟ ಜಾಗ ಕ್ಯಾನ್ ಲೆಕ್ಕಕ್ಕೆ ಬರುವುದಿಲ್ಲ, ಅದು ನಿಮಗೆ ಸಿಕ್ಕ ಹೆಚ್ಚುವರಿ ಹೊಲ.

ಕೋಳಿ ಸಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಮೊದಲು ಮೇವು. ಬಣವೆ ಒಟ್ಟದೆ ಎತ್ತು ತರುವವರು ನಮ್ಮಲ್ಲಿ ಯಾರಿದ್ದಾರೆ? ಗೂಡಿಗಿಂತ ಮುಂಚೆ ಊರಿನ ಬಡಗಿ ರಾಬಿನ್ ಹತ್ತಿರ ಸೈಲೋ (ಮೇವು ಕೂಡಿಡುವ ಕಣಜ) ಕಟ್ಟಿಸಿ: 100 ಗೋಲ್ಡ್, 100 ಕಲ್ಲು, 10 ಜೇಡಿಮಣ್ಣು, 5 ತಾಮ್ರದ ಬಾರ್. ಸೈಲೋ ಇದ್ದ ಮೇಲೆ ಕುಡುಗೋಲಿನಿಂದ ಹುಲ್ಲು ಕೊಯ್ದರೆ ಅದು ತಾನಾಗಿ ಮೇವಾಗಿ ಸೇರುತ್ತದೆ, 240ರವರೆಗೆ ಹಿಡಿಯುತ್ತದೆ. ಅಲ್ಲಿಯವರೆಗೆ ಹೊಲದ ಹುಲ್ಲು ಕೊಯ್ಯಬೇಡಿ, ಕಸ ಅನ್ನಿಸಿದರೂ ಬಿಡಿ. ಚಳಿಗಾಲದಲ್ಲಿ ಹೊರಗೆ ಹುಲ್ಲು ಬೆಳೆಯುವುದಿಲ್ಲ.

ಗೇಮಿನಲ್ಲಿ ರಾತ್ರಿ 12ರೊಳಗೆ ಮಲಗಿ. ತಡವಾದರೆ ಮರುದಿನ ಶಕ್ತಿ ಪೂರ್ತಿ ತುಂಬುವುದಿಲ್ಲ, 2ಕ್ಕೂ ಮಲಗದಿದ್ದರೆ ಅಲ್ಲೇ ಬಿದ್ದು ದುಡ್ಡೂ ಹೋಗುತ್ತದೆ. ಗೇಮ್ ಸೇವ್ ಆಗುವುದು ಮಲಗಿದಾಗ. ಹಾಗಾಗಿ ಒಂದು ದಿನ ಆಡಿ, ಮಲಗಿಸಿ, ಫೋನ್ ಕೆಳಗಿಡಿ. ಏಪ್ರಿಲ್, ಮೇ ತಿಂಗಳ ನಮ್ಮ ಮಧ್ಯಾಹ್ನದಲ್ಲಿ ಫೋನ್ ಬೇಗ ಕಾಯುತ್ತದೆ, ಹಿಂದಿನ ಕವರ್ ತೆಗೆದು, ಬ್ರೈಟ್‌ನೆಸ್ ಇಳಿಸಿ ಆಡಿ. ಚಾರ್ಜಿಗೆ ಹಾಕಿಕೊಂಡು ಆಡಲೇಬೇಡಿ.

ತಡವಾಗುತ್ತಿದೆ ಅನ್ನುವ ಭಯ ಇದ್ದರೆ ಬಿಟ್ಟುಬಿಡಿ. ಬೆಳೆ, ಮೀನು ಅಂತ ಕೇಳಿದ್ದನ್ನೆಲ್ಲ ತಂದುಕೊಟ್ಟು ಊರಿನ ಸಮುದಾಯ ಭವನ ರಿಪೇರಿ ಮಾಡಲು ಗಡುವೇ ಇಲ್ಲ. 50 ಕಟ್ಟಿಗೆಗೆ ಒಂದು ಪೆಟ್ಟಿಗೆ ಮಾಡಿ, ಬಂದ ಪ್ರತಿ ಬೆಳೆಯಲ್ಲೂ ಒಂದೊಂದು ಅದರಲ್ಲಿಡುತ್ತಾ ಹೋಗಿ, ಭವನದ ಕೆಲಸ ತಾನಾಗಿ ಮುಂದುವರಿಯುತ್ತದೆ. ಮೂರನೇ ವರ್ಷದ ಮೊದಲ ದಿನ, ಗೇಮಿನ ಕಥೆಯಲ್ಲಿ ಈ ಹೊಲ ನಿಮಗೆ ಬಿಟ್ಟು ತೀರಿಹೋದ ಅಜ್ಜ ಬಂದು ಹೊಲ ನೋಡಿ ತೂಗುತ್ತಾರೆ ಅಂತ ಕೇಳಿರಬಹುದು. ನಿಜ. ಆದರೆ ಅಜ್ಜನ ಗುಡಿಗೆ ಒಂದು ವಜ್ರ ಇಟ್ಟರೆ ಮತ್ತೆ ತೂಗುತ್ತಾರೆ, ಯಾವ ವರ್ಷ ಬೇಕಾದರೂ. ಯೂಟ್ಯೂಬಿನಲ್ಲಿ ಮೊದಲ ವರ್ಷವೇ ಲಕ್ಷ ಲಕ್ಷ ಗಳಿಸುವವರನ್ನು ನೋಡಿ ಅದೇ ಆಟ ಅಂದುಕೊಳ್ಳಬೇಡಿ. ಊರಿನ ಜನರ ಹುಟ್ಟುಹಬ್ಬ ಕ್ಯಾಲೆಂಡರಿನಲ್ಲಿ ಇರುತ್ತದೆ, ಆ ದಿನ ಏನಾದರೂ ಇಷ್ಟದ್ದು ಕೊಟ್ಟು ಬನ್ನಿ. ಬಿಡುವು ಉಳಿಸಿಕೊಂಡವರಿಗೇ ಇದೆಲ್ಲ ಸಿಗುವುದು.

ಚಳಿಗಾಲ ಬಂದರೆ ಹೊಲ ಖಾಲಿ. ಗಣಿಗೆ ಇಳಿಯಿರಿ, ಐದು ಮಹಡಿಗೊಮ್ಮೆ ಲಿಫ್ಟ್ ನಿಲ್ಲುತ್ತದೆ, ಹಾಗಾಗಿ ದಿನಕ್ಕೆ ಐದೇ ಮಹಡಿ ಸಾಕು. ಕಬ್ಬಿಣ, ಚಿನ್ನ ಕೂಡಿಸಿಟ್ಟು ಸ್ಪ್ರಿಂಕ್ಲರ್ ಮಾಡಿಟ್ಟುಕೊಳ್ಳಿ.

ಎರಡನೇ ವರ್ಷದ ವಸಂತಕ್ಕೆ ಪಿಯರ್ ಅಂಗಡಿಯಿಂದ ಭತ್ತದ ಸಸಿ ತನ್ನಿ, ಒಂದಕ್ಕೆ 40 ಗೋಲ್ಡ್. ಹೊಲದೊಳಗಿನ ಕೆರೆಯ ದಂಡೆಯಲ್ಲಿ, ನೀರಿನಿಂದ ಮೂರು ಚೌಕದ ಒಳಗೆ ನೆಡಿ. ಅಲ್ಲಿ ನೆಟ್ಟ ಭತ್ತಕ್ಕೆ ಕ್ಯಾನ್ ಬೇಕಿಲ್ಲ, ಬೇರೆ ಕಡೆಗಿಂತ ಬೇಗ ಕೊಯ್ಲಿಗೂ ಬರುತ್ತದೆ. ಕೊಯ್ದದ್ದನ್ನು ಅಕ್ಕಿ ಮಾಡಲು ಗಿರಣಿ ಬೇಕು, ಅದನ್ನೂ ರಾಬಿನ್ ಕಟ್ಟಿಕೊಡುತ್ತಾಳೆ, ಆದರೆ ಅದಕ್ಕೆ 4 ಬಟ್ಟೆ ಕೇಳುತ್ತಾಳೆ. ಬಟ್ಟೆಗೆ ಉಣ್ಣೆ, ಉಣ್ಣೆಗೆ ಕುರಿ ಅಥವಾ ಮೊಲ. ಮೂರನೇ ವರ್ಷಕ್ಕೆ ಅದು ನೋಡಿಕೊಂಡರಾಯಿತು, ಅಲ್ಲಿಯವರೆಗೆ ಭತ್ತವನ್ನು ಹಾಗೇ ಮಾರಿ.