‘ತಾವೊ’ ಪಕ್ಕದಲ್ಲಿ ‘ಬ್ರಹ್ಮ’ ಬರೆಯುವ ಮುನ್ನ

ತಾವೊ ಚೀನೀ ಚಿಂತಕ ಲಾವೋತ್ಸೆಯ ಮುಖ್ಯ ಪದ; ಅಕ್ಷರಶಃ ‘ದಾರಿ’. ‘ತಾವೊ ಅಂದರೆ ನಮ್ಮ ಬ್ರಹ್ಮವೇ’ ಎಂದು ಶುರುವಾದ ಹೋಲಿಕೆ ಅಲ್ಲೇ ಮುಗಿದಂತೆ. ಎರಡೂ ಒಂದೇ ಎಂದಮೇಲೆ ನೋಡಲು ಏನು ಉಳಿಯಿತು? ಈ ತಕರಾರು ಹಳೆಯದು. ಕ್ರಿ.ಶ. 647ರಲ್ಲಿ ತಾಂಗ್ ಚಕ್ರವರ್ತಿ ಲಾವೋತ್ಸೆಯ ‘ತಾವೊ ತೆ ಚಿಂಗ್’ ಗ್ರಂಥವನ್ನು ಸಂಸ್ಕೃತಕ್ಕೆ ತರಲು ಹೇಳಿದಾಗ ತಾವೊ ಪಂಡಿತರು ಆ ಪದಕ್ಕೆ ‘ಬೋಧಿ’ ಎಂದು ಬರೆಯಿರಿ ಎಂದರು. ಅನುವಾದಕ್ಕೆ ಕೂತ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ ಒಪ್ಪದೆ ‘ಮಾರ್ಗ’ ಎಂದ. ನಾನು ತಾವೊ ಎಂದೇ ಬಿಡುತ್ತೇನೆ.

ನನ್ನ ಕ್ರಮ ಇಷ್ಟು: ಒಂದು ಪದ ಹಿಡಿದು, ಅದು ಬರುವ ಸಾಲುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವುದು. ಪ್ರತಿ ಸಾಲಿನ ಎದುರು ಮೂರು ಕಾಲಂ: ಯಾರಿಗೆ ಹೇಳಿದ್ದು, ಏನನ್ನು ಬಿಡಬೇಕು, ಬಿಟ್ಟರೆ ಏನಾಗುತ್ತದೆ. ತಾವೊ ತೆ ಚಿಂಗ್‌ನಲ್ಲಿ ಇರುವುದು 81 ಅಧ್ಯಾಯ, ಸುಮಾರು 5000 ಚೀನೀ ಅಕ್ಷರ; ಅಂಜುವಂಥದ್ದೇನಿಲ್ಲ. ಎರಡು ಅನುವಾದವಾದರೂ ಪಕ್ಕದಲ್ಲಿರಲಿ. ಅವು ಬೇರೆಯಾಗುವ ಕಡೆ ಮೂಲದ ಅಕ್ಷರ ನೋಡಬೇಕು.

‘ವು ವೇ’ (ಬಲವಂತವಾಗಿ ಏನನ್ನೂ ಮಾಡದಿರುವುದು) ಎಂದೊಡನೆ ಗೀತೆ ಓದಿದವರಿಗೆ ನಿಷ್ಕಾಮ ಕರ್ಮ ನೆನಪಾಗುತ್ತದೆ. 3, 37, 57ನೇ ಅಧ್ಯಾಯಗಳನ್ನು ಇಳಿಸಿ ನೋಡಿ: ಮೊದಲ ಕಾಲಂನಲ್ಲಿ ಬರುವವನು ಆಳುವವನು. ಅವನು ಕೈಹಾಕದಿದ್ದರೆ ಜನ ತಾವಾಗಿಯೇ ಸರಿಹೋಗುತ್ತಾರೆ. ಗೀತೆಯಲ್ಲಿ ಕೇಳುವವನು ರಣರಂಗದಲ್ಲಿ ನಿಂತ ಕ್ಷತ್ರಿಯ. ಬಿಡಬೇಕಾದ್ದು ಫಲದಾಸೆ, ಕೆಲಸವಲ್ಲ. ಸ್ವಧರ್ಮವನ್ನಂತೂ ಬಿಡುವ ಹಾಗೇ ಇಲ್ಲ. ಲಾವೋತ್ಸೆಯಲ್ಲಿ ಬಿಡಬೇಕಾದ್ದು ಬಲವಂತ. ಸ್ವಧರ್ಮಕ್ಕೆ ಸರಿಸಾಟಿಯಾದದ್ದು ಹುಡುಕಿದರೂ ಸಿಗುವುದಿಲ್ಲ. ಹಾಗೆಂದು ವು ವೇ ತಾವೊದವರ ಸ್ವಂತ ಆಸ್ತಿಯೂ ಅಲ್ಲ. ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹದ 15ನೇ ಭಾಗದಲ್ಲಿ ಷುನ್ ದೊರೆಯನ್ನು ಹೊಗಳಿರುವುದೂ ಇದೇ ಪದದಿಂದ.

ಹೆಚ್ಚು ಜನ ಎಡವುವುದು ಪಾಠಾಂತರದಲ್ಲಿ, ಅಂದರೆ ಒಂದೇ ಗ್ರಂಥದ ಪ್ರತಿಗಳ ನಡುವಿನ ವ್ಯತ್ಯಾಸದಲ್ಲಿ. ತಾವೊ ತೆ ಚಿಂಗ್‌ನ ಪ್ರಚಲಿತ ಪಾಠದ 40ನೇ ಅಧ್ಯಾಯದಲ್ಲಿ ವಸ್ತುಗಳು ‘ಇದೆ’ಯಿಂದ ಹುಟ್ಟುತ್ತವೆ, ‘ಇದೆ’ ಹುಟ್ಟುವುದು ‘ಇಲ್ಲ’ದಿಂದ. ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯದಲ್ಲಿ ಉದ್ದಾಲಕ ‘ಅಸತ್’ನಿಂದ (‘ಇಲ್ಲ’ದಿಂದ) ‘ಸತ್’ (‘ಇದೆ’) ಹುಟ್ಟುವುದು ಹೇಗೆ ಎಂದು ಕೇಳುತ್ತಾನೆ. ಒಳ್ಳೆಯ ಜೋಡಿ ಸಿಕ್ಕಿತು ಅನ್ನಿಸುತ್ತದೆ. ಆದರೆ 1993ರಲ್ಲಿ ಹುಬೈ ಪ್ರಾಂತ್ಯದ ಗುವೊದಿಯನ್‌ನಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 300ರ ಬಿದಿರುಪಟ್ಟಿಗಳ ಮೇಲಿನ ಇದೇ ಗ್ರಂಥದ ಪಾಠದಲ್ಲಿ ಎರಡನೆಯ ‘ಇದೆ’ ಇಲ್ಲ. ಅಲ್ಲಿ ವಸ್ತುಗಳು ‘ಇದೆ’ಯಿಂದಲೂ ಹುಟ್ಟುತ್ತವೆ, ‘ಇಲ್ಲ’ದಿಂದಲೂ ಹುಟ್ಟುತ್ತವೆ. ಒಂದೇ ಅಕ್ಷರ ಬಿದ್ದುಹೋಯಿತೋ, ಆಮೇಲೆ ಸೇರಿತೋ, ಉದ್ದಾಲಕನೊಂದಿಗಿನ ಜಗಳದ ಬುಡವಂತೂ ಅಲುಗಾಡಿತು. 19ನೇ ಅಧ್ಯಾಯದ್ದೂ ಇದೇ ಕಥೆ: ಕನ್‌ಫ್ಯೂಷಿಯಸ್ ಪಂಥದ ‘ರೆನ್’ (ಮಾನವೀಯತೆ), ‘ಯಿ’ (ನ್ಯಾಯ)ಗಳನ್ನು ಬಿಸಾಡಿ ಎಂಬ ಪ್ರಸಿದ್ಧ ಮಾತು ಆ ಪಟ್ಟಿಗಳಲ್ಲಿಲ್ಲ. ಆದ್ದರಿಂದ ಯಾವ ಪಾಠವೆಂದು ಪುಟದ ತಲೆಯಲ್ಲೇ ಬರೆದಿಡಬೇಕು.

ಕನ್ನಡದವರನ್ನು ಎಳೆಯುವ ಇನ್ನೊಂದು ಜೋಡಿ ಅಲ್ಲಮನ ಬಯಲು. ತಾವೊ ತೆ ಚಿಂಗ್‌ನ 11ನೇ ಅಧ್ಯಾಯದ ಬರಿದು ಗಾಡಿಚಕ್ರದಲ್ಲಿ ಅಚ್ಚು ಹೋಗುವ ತೂತು, ಮಡಕೆಯ ಒಳಗಿನ ಜಾಗ. ಅದರಿಂದಲೇ ವಸ್ತು ಕೆಲಸಕ್ಕೆ ಬರುತ್ತದೆ. ಅಲ್ಲಮನಲ್ಲಾದರೋ ಅಂಗ-ಲಿಂಗದ (ಜೀವ-ಶಿವರ) ಭೇದ ಅಳಿದಮೇಲಿನ ನಿಲುವು ಬಯಲು. ಒಂದು ಉಪಯೋಗಕ್ಕೆ, ಇನ್ನೊಂದು ಐಕ್ಯಕ್ಕೆ. ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯತೆಯನ್ನು ಇಲ್ಲಿಗೆ ಎಳೆಯಬೇಡಿ, ಅದು ಯಾವುದರ ಮೂಲವೂ ಅಲ್ಲ.

ಕೊನೆಗೆ, ಯಾವ ಪಂಥದ ತಾವೊ ಎಂಬುದನ್ನೂ ಗುರುತು ಹಾಕಿ. 12ನೇ ಶತಮಾನದಲ್ಲಿ ಚ್ಯುವಾನ್‌ಜೆನ್ ಎಂಬ ತಾವೊ ಪಂಥ ಕಟ್ಟಿದ ವಾಂಗ್ ಚೊಂಗ್‌ಯಾಂಗ್ ಶಿಷ್ಯರಿಗೆ ತಾವೊ ತೆ ಚಿಂಗ್ ಜೊತೆಗೆ ಬೌದ್ಧರ ಹೃದಯಸೂತ್ರವನ್ನೂ ಕನ್‌ಫ್ಯೂಷಿಯಸ್ ಪರಂಪರೆಯ ಮಾತಾಪಿತೃಭಕ್ತಿಯ ಗ್ರಂಥವನ್ನೂ ಓದಲು ಹೇಳಿದ್ದ. ಅಲ್ಲಿ ‘ತಾವೊ ಒಂದು ಕಡೆ, ಬೌದ್ಧ ಇನ್ನೊಂದು ಕಡೆ’ ಎಂದು ಪುಟದ ನಡುವೆ ಗೆರೆ ಎಳೆಯಲು ಬರುವುದಿಲ್ಲ.